ಸ್ಟೆಪ್ನಿ ಡಿಸ್ಕು

ಟೈಲರಮ್ಮನ ಕಂಪ್ಯೂಟರಿಗೆ ವಯಸ್ಸಾಗಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಆದರೆ ಅದು ಹಲ್ಲು ಕಡಿಯಲು ಶುರುಮಾಡುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಒಂದು ಬೆಳಿಗ್ಗೆ ಸ್ವಿಚ್ಚು ಒತ್ತಿದಾಗ ಪೆಟ್ಟಿಗೆಯೊಳಗಿಂದ ಕರಕರ ಸದ್ದು ಬಂತು. ಪರದೆ ಬೆಳಗುವಷ್ಟರಲ್ಲಿ ಅವಳು ಒಂದು ಕೋಟಿನ ಕಾಲರಿಗೆ ಇಸ್ತ್ರಿ ಹಾಕಿ, ಗುಂಡಿಗಳನ್ನೆಲ್ಲ ಹೊಲಿದು, ಕಂಪ್ಯೂಟರನ್ನು ಬೈದು ಮುಗಿಸಿದ್ದಳು.

ಬೀದಿಗೆ ಬಾಗಿಲು ತೆರೆಯುವ ಮುಂದಿನ ಕೋಣೆಯೇ ಅವಳ ಅಂಗಡಿ. ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಮೂಲೆಯಲ್ಲಿ ಕಂಪ್ಯೂಟರು, ಅದರ ಮೇಲೆ ಎಷ್ಟು ಒರೆಸಿದರೂ ಹೋಗದ ದಾರದ ಚೂರು. ರೆಡಿಮೇಡ್ ಕೋಟು ಮೈಗೆ ಕೂರದ ಗಂಡಸರೆಲ್ಲ ಹುಡುಕಿಕೊಂಡು ಅಲ್ಲಿಗೇ ಬರುತ್ತಿದ್ದರು. ಬೆನ್ನು ಬಾಗಿದವರು, ಒಂದು ತೋಳು ಗಿಡ್ಡ ಇರುವವರು, ಕುತ್ತಿಗೆಯನ್ನು ದೇವರು ಮರೆತೇಬಿಟ್ಟವರು. ಅವಳು ಹೊಲಿದ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಅವರು ತಮ್ಮನ್ನು ತಾವೇ ಹೊಸದಾಗಿ ನೋಡುವವರಂತೆ ನೋಡಿಕೊಳ್ಳುತ್ತಿದ್ದರು. ಆ ಒಂದು ಗಳಿಗೆಗಾಗಿ ಟೈಲರಮ್ಮ ಊಟ ನಿದ್ದೆ ಬಿಟ್ಟು ದುಡಿಯುತ್ತಿದ್ದಳು.

ಈ ಕೈಚಳಕವೆಲ್ಲ ಕಂಪ್ಯೂಟರಿನಲ್ಲಿದ್ದ ಒಂದು ನಕ್ಷೆಯ ಮೇಲೆ ನಿಂತಿತ್ತು. ಅವಳು ಅದನ್ನು ತಾಯಿ ಪ್ಯಾಟರ್ನ್ ಎನ್ನುತ್ತಿದ್ದಳು. ವರ್ಷಗಟ್ಟಲೆ ಕಂಕುಳಿನ ಬಳಿ ಕೂದಲೆಳೆಯಷ್ಟು ಏರಿಸಿ, ಕಾಲರಿನ ಬಳಿ ಕೂದಲೆಳೆಯಷ್ಟು ಇಳಿಸಿ ತಿದ್ದಿಕೊಂಡು ಬಂದ ಗೆರೆಗಳವು. ಗಿರಾಕಿಯ ಅಳತೆ ಕೊಟ್ಟರೆ ಸಾಕು, ಪ್ರೋಗ್ರಾಂ ಆ ತಾಯಿ ಪ್ಯಾಟರ್ನನ್ನೇ ಹಿಗ್ಗಿಸಿ ಕುಗ್ಗಿಸಿ ಅವನ ಕೋಟಿನ ನಕ್ಷೆ ಬರೆದುಕೊಡುತ್ತಿತ್ತು. ಅದನ್ನು ಹಾಳೆ ಹಾಳೆಯಾಗಿ ಪ್ರಿಂಟ್ ತೆಗೆದು, ಅಂಟಿಸಿ, ಬಟ್ಟೆಯ ಮೇಲೆ ಹಾಸಿದರೆ ಕತ್ತರಿ ತಾನಾಗಿಯೇ ಓಡುತ್ತಿತ್ತು. ಆ ಪ್ರೋಗ್ರಾಂ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿಕೊಂಡು ಹೋಗಿತ್ತು. ಡಿಸ್ಕು ಸತ್ತರೆ ಪ್ರೋಗ್ರಾಮೂ ಹೋದಂತೆ, ತಾಯಿ ಪ್ಯಾಟರ್ನೂ ಹೋದಂತೆ. ಹಾಗಾಗಿ ಆ ಬೆಳಿಗ್ಗೆಯೇ ಅವಳು ರಿಪೇರಿಯವನಿಗೆ ಫೋನ್ ಮಾಡಿದಳು.

ರಿಪೇರಿಯವನು ಬಂದ. ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳಿ, ಡಿಸ್ಕು ಇವತ್ತೋ ನಾಳೆಯೋ ಅನ್ನುವ ಹಾಗಿದೆ, ತಡಮಾಡದೆ ಇದರಲ್ಲಿರುವುದನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ ಎಂದ. ಕ್ಲೋನ್ ಮಾಡಿದರೂ ಸರಿ, ಇಮೇಜ್ ತೆಗೆದರೂ ಸರಿ, ಯಾವುದೆಂದು ಮನೆಯವರೆಲ್ಲ ಕೂತು ಮಾತಾಡಿ ಎಂದು ಹೊಸ ಡಿಸ್ಕೊಂದನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಈ ಮನೆಯಲ್ಲಿ ಹಾಗೆ ಹೇಳಿ ಹೋಗುವುದೆಂದರೆ ಒಣಹುಲ್ಲಿನ ಪಕ್ಕ ಬೆಂಕಿಕಡ್ಡಿ ಗೀರಿಟ್ಟು ಹೋದ ಹಾಗೆ.

ಮನೆಯವರು ಅಂದರೆ ಇಬ್ಬರು. ಟೈಲರಮ್ಮನ ಗಂಡ ಸಿಟಿ ಬಸ್ಸಿನ ಡ್ರೈವರ್, ಹಿಡಿದ ಪಟ್ಟು ಬಿಡುವವನಲ್ಲ. ಅವನ ತಂಗಿ ಹಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಜನರ ಹಲ್ಲಿನ ಅಚ್ಚು ತೆಗೆದು ಕಟ್ಟುಹಲ್ಲು ಮಾಡುವುದು ಅವಳ ಕಸುಬು, ಅಣ್ಣ ಹಿಡಿದ ಪಟ್ಟನ್ನು ಬಿಡಿಸುವುದು ಹವ್ಯಾಸ. ಭಾನುವಾರ ಊಟಕ್ಕೆ ಬಂದವಳು ಕೈ ತೊಳೆಯುವ ಮೊದಲೇ ವಾದಕ್ಕೆ ಇಳಿದಳು.

ಅಣ್ಣನದು ಕ್ಲೋನ್ ಪಕ್ಷ. ಒಂದು ಡಿಸ್ಕಿನಲ್ಲಿರುವುದು ಇದ್ದ ಹಾಗೇ ಇನ್ನೊಂದಕ್ಕೆ ಇಳಿಯುತ್ತದೆ, ಇದು ಕೈಕೊಟ್ಟರೆ ಅದನ್ನು ಸಿಕ್ಕಿಸಿ ಕೆಲಸ ಮುಂದುವರಿಸಬಹುದು. ತಂಗಿಯದು ಇಮೇಜ್ ಪಕ್ಷ. ಇಡೀ ಡಿಸ್ಕನ್ನು ಒತ್ತಿ ಮಡಚಿ ಒಂದು ಗಂಟು ಕಟ್ಟಿಟ್ಟ ಹಾಗೆ ಅದು. ಒಂದೇ ದೊಡ್ಡ ಡಿಸ್ಕಿನಲ್ಲಿ ಬೇರೆ ಬೇರೆ ತಾರೀಖಿನ ಗಂಟುಗಳನ್ನು ಸಾಲಾಗಿ ಇಟ್ಟುಕೊಳ್ಳಬಹುದು. ಆದರೆ ಬೇಕೆಂದ ಕೂಡಲೇ ಓಡುವುದಿಲ್ಲ, ಗಂಟು ಬಿಚ್ಚಿ ಇನ್ನೊಂದು ಡಿಸ್ಕಿನ ಮೇಲೆ ಹರಡಿಕೊಳ್ಳಲು ಅರ್ಧ ದಿನ ಬೇಕು.

"ನಡುದಾರೀಲಿ ಬಸ್ಸು ಪಂಕ್ಚರ್ ಆದ್ರೆ ಸ್ಟೆಪ್ನಿ ಬೇಕೋ, ಟೈರಿನ ಫೋಟೋ ಬೇಕೋ?" ಎಂದ ಡ್ರೈವರ್.

"ನಮ್ಮ ಲ್ಯಾಬಲ್ಲಿ ಒಬ್ಬೊಬ್ರದ್ದೂ ಹಳೇ ಅಚ್ಚು, ಹೊಸ ಅಚ್ಚು ಎಲ್ಲ ಇಟ್ಟಿರ್ತೀವಿ ಅಣ್ಣ. ಹಲ್ಲು ಯಾವಾಗ ವಾಲಿಕೊಳ್ತು ಅಂತ ಗೊತ್ತಾಗ್ಬೇಕಾದ್ರೆ ಹಳೇದು ಬೇಕೇ ಬೇಕು. ನಿನ್ನ ಸ್ಟೆಪ್ನೀಲಿ ಬರೀ ನಿನ್ನೇದಿರುತ್ತೆ."

ಟೈಲರಮ್ಮ ಇಬ್ಬರ ತಟ್ಟೆಗೂ ಬಡಿಸುತ್ತ ಕೇಳಿಸಿಕೊಂಡಳು. ಅವಳ ಪಾಲಿಗೆ ಲೆಕ್ಕ ಸರಳವಾಗಿತ್ತು. ಕ್ಲೋನ್ ಅಂದರೆ ಹೊಲಿದು ಹ್ಯಾಂಗರಿಗೆ ಹಾಕಿಟ್ಟ ಇನ್ನೊಂದು ಕೋಟು, ಎತ್ತಿ ತೊಟ್ಟುಕೊಂಡರಾಯಿತು. ಇಮೇಜ್ ಅಂದರೆ ಮಡಚಿಟ್ಟ ಕಾಗದದ ಪ್ಯಾಟರ್ನು, ಕತ್ತರಿಸಿ ಹೊಲಿದ ಮೇಲಷ್ಟೇ ತೊಡಲು ಸಿಗುವುದು. ಎರಡೂ ಮಾಡಿಬಿಡೋಣವೇ ಎಂದು ಬಾಯಿ ತೆರೆದಳು. ಗಂಡ ಮುಖ ಊದಿಸಿಕೊಂಡು, ಹಾಗಾದರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತಾಯಿತು ಎಂದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಒಂದು ಡಿಸ್ಕಿಗಾಗಿ ಆ ಮಾತು ಬೆಳೆಸುವುದು ಅವಳಿಗೆ ಬೇಡವಾಗಿತ್ತು. ಗಿರಾಕಿಗಳು ಕಾಯುತ್ತಿದ್ದರು, ಬೆಳಗಾದರೆ ಯಂತ್ರ ಓಡಬೇಕು. ಕ್ಲೋನೇ ಇರಲಿ ಎಂದಳು. ನಾದಿನಿ ತಟ್ಟೆ ನೋಡಿಕೊಂಡು ಮುಗುಳ್ನಕ್ಕಳು, ಆ ನಗು ಅಣ್ಣನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆದರೆ ಡ್ರೈವರಿನ ಅದೃಷ್ಟ ನೆಟ್ಟಗಿತ್ತು. ಕ್ಲೋನ್ ಮುಗಿದು ವಾರ ತುಂಬುವ ಮೊದಲೇ ಹಳೆ ಡಿಸ್ಕು ಒಂದು ಮಧ್ಯಾಹ್ನ ಕರ್ ಎಂದು ಸುಮ್ಮನಾಯಿತು. ಡ್ಯೂಟಿ ಮುಗಿಸಿ ಬಂದವನು ಸ್ಕ್ರೂಡ್ರೈವರ್ ಹಿಡಿದು ಕೂತ, ಹಳೆಯದನ್ನು ಕಿತ್ತ, ಹೊಸದನ್ನು ಸಿಕ್ಕಿಸಿದ. ಚಹಾ ಕುದಿಯುವಷ್ಟರಲ್ಲಿ ಪರದೆಯ ಮೇಲೆ ತಾಯಿ ಪ್ಯಾಟರ್ನ್ ಗೆರೆ ಗೆರೆಯೂ ಇದ್ದ ಹಾಗೇ ಬಂದು ನಿಂತಿತು. ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು. ಗಂಡನ ತಲೆಗೆ ಎರಡು ಕೊಂಬು ಮೂಡಿದವು. ತಂಗಿಗೆ ಫೋನ್ ಮಾಡಿ, ಟೈರಿನ ಫೋಟೋ ಹೇಗಿದೆ ಎಂದು ವಿಚಾರಿಸಿದ. ಸತ್ತ ಡಿಸ್ಕನ್ನು ರಿಪೇರಿಯವನು ಗುಜರಿಗೆಂದು ಒಯ್ದ.

ಅಲ್ಲಿಂದ ಅವನಿಗೆ ಅದೊಂದು ನಿತ್ಯದ ಕೆಲಸವಾಯಿತು. ಸ್ಟೆಪ್ನಿ ನೋಡದೆ ಡಿಪೋದಿಂದ ಬಸ್ಸು ಹೊರಗೆ ತೆಗೆದವನಲ್ಲ ಅವನು. ಇನ್ನೊಂದು ಡಿಸ್ಕು ಕೊಂಡು ತಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಸ್ಟೆಪ್ನಿ ಎಂದು ಬರೆದು, ದಿನಾ ಸಂಜೆ ಡ್ಯೂಟಿಯಿಂದ ಬಂದವನೇ ಸಮವಸ್ತ್ರ ಬಿಚ್ಚುವ ಮೊದಲು ಅದಕ್ಕೆ ಹೊಸದಾಗಿ ಕ್ಲೋನ್ ಇಳಿಸಲು ಕೂರುತ್ತಿದ್ದ. ಪ್ರತಿ ಸಲವೂ ಹಿಂದಿನದು ಅಳಿಸಿಹೋಗಿ ಇವತ್ತಿನದು ಕೂರುತ್ತಿತ್ತು. ಟೈಲರಮ್ಮ ಇನ್ನೂ ಗೆರೆ ಎಳೆಯುತ್ತಿದ್ದರೆ ಬೆನ್ನ ಹಿಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಪ್ರಯಾಣಿಕರನ್ನು ಅವಸರಪಡಿಸಿ ಅಭ್ಯಾಸವಾದ ಗಂಟಲು ಅದು.

ಅಂಥ ಒಂದು ಸಂಜೆ ಅವಳು ಅಂಚೆಯವನ ಕೋಟಿನ ನಕ್ಷೆ ಮಾಡುತ್ತಿದ್ದಳು. ಜೀವಮಾನವಿಡೀ ಚೀಲ ಹೊತ್ತು ಅವನ ಎಡ ಭುಜ ಇಳಿದುಹೋಗಿತ್ತು. ಕಾಗದದ ಕಾಲದಲ್ಲಿ ಅವಳದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಅಸಲಿ ಹಾಳೆಗೆ ಕತ್ತರಿ ತಾಗಿಸಬಾರದು, ಮೊದಲು ಇನ್ನೊಂದು ಹಾಳೆಗೆ ಇಳಿಸಿಕೊಂಡು ಆಮೇಲೆ ಅದನ್ನು ತಿದ್ದಬೇಕು. ಕಂಪ್ಯೂಟರಿನಲ್ಲೂ ಅದನ್ನೇ ಪಾಲಿಸಿಕೊಂಡು ಬಂದಿದ್ದಳು. ಆವತ್ತು ಹಿಂದಿನಿಂದ ಗಂಟಲಿನ ಸದ್ದು ಮೂರನೇ ಸಲ ಕೇಳಿತು. "ಆಯ್ತೇನೇ? ಸ್ಟೆಪ್ನಿಗೆ ಹೊತ್ತಾಯ್ತು," ಎಂದ. ಅವಳು ಭುಜದ ಗೆರೆ ಎಳೆದು ಇಳಿಸಿ, ಉಳಿಸಲೇ ಎಂದು ಪ್ರೋಗ್ರಾಂ ಕೇಳಿದ್ದಕ್ಕೆ ಹೂಂ ಒತ್ತಿ, ಕುರ್ಚಿ ಬಿಟ್ಟುಕೊಟ್ಟಳು. ಅವಳು ತಿದ್ದಿದ್ದು ಅಂಚೆಯವನ ನಕ್ಷೆಯಾಗಿರಲಿಲ್ಲ, ತಾಯಿ ಪ್ಯಾಟರ್ನೇ ಆಗಿತ್ತು. ಅದು ಅವಳಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ.

ಅಂಚೆಯವನ ಕೋಟು ಅಚ್ಚುಕಟ್ಟಾಗಿ ಕೂತಿತು. ಅವನು ಕನ್ನಡಿಯ ಮುಂದೆ ಮೂರು ಸುತ್ತು ತಿರುಗಿ ಹಾಡಿಕೊಳ್ಳುತ್ತ ಹೋದ. ಅವನ ಹಿಂದೆಯೇ ಸಂಗೀತದ ಮೇಷ್ಟ್ರು ಟ್ರಯಲಿಗೆ ಬಂದರು. ಎಡಗಡೆ ಭುಜದ ಬಳಿ ಬಟ್ಟೆ ಎಳೆದು ಹಿಡಿದಂತಿತ್ತು. ನೆಟ್ಟಗೆ ನಿಂತುಕೊಳ್ಳಿ ಮೇಷ್ಟ್ರೇ ಎಂದು ಟೈಲರಮ್ಮ ಗದರಿದಳು. ಮೇಷ್ಟ್ರು ಸಭ್ಯ ಮನುಷ್ಯ, ಕೋಟಿಗೆ ತಕ್ಕಂತೆ ತಾವೇ ಎಡಕ್ಕೆ ವಾಲಿ ನಿಂತು, ಈಗ ಸರಿಯಾಯಿತಲ್ಲ ಎಂದರು. ಮರುದಿನ ಔಷಧಿ ಅಂಗಡಿಯವನು ಬಂದ. ಅವನಿಗೂ ಅದೇ ಎಡ ಭುಜ. ಆಮೇಲೆ ಬ್ಯಾಂಕಿನ ಕಾವಲುಗಾರ. ಊರಿಗೆ ಊರೇ ಎಡಕ್ಕೆ ವಾಲಿತೇ ಎಂದು ಬೆರಗಾಗಿ ಅವಳು ಕಂಪ್ಯೂಟರಿನ ಮುಂದೆ ಕೂತು ತಾಯಿ ಪ್ಯಾಟರ್ನ್ ತೆರೆದಳು. ಅಂಚೆಯವನಿಗೆಂದು ಇಳಿಸಿದ ಎಡ ಭುಜ ಅದರಲ್ಲೇ ಕೂತಿತ್ತು.

ಭುಜವನ್ನು ಮತ್ತೆ ಏರಿಸಿ ನೋಡಿದಳು. ಭುಜ ಏರಿತು, ಆದರೆ ಅದು ಇಳಿಯುವಾಗ ಜೊತೆಗೆ ಎಳೆದುಕೊಂಡು ಹೋಗಿದ್ದ ಕಂಕುಳಿನ ಬಾಗು, ತೋಳಿನ ನೆತ್ತಿ, ಕಾಲರಿನ ತಿರುವು ಯಾವುದೂ ಹಳೆಯ ಜಾಗಕ್ಕೆ ಮರಳಲಿಲ್ಲ. ಬಲಗಡೆಯ ಗೆರೆಗಳೂ ಆ ಎಳೆತಕ್ಕೆ ಕೂದಲೆಳೆಯಷ್ಟು ಸರಿದಿದ್ದವು, ಅವನ್ನು ನೋಡಿ ತಿದ್ದುವಂತೆಯೂ ಇರಲಿಲ್ಲ. ಒಂದು ತುಂಡು ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ನೋಡಿದರೆ ತೋಳು ನಿರಿಗೆ ನಿರಿಗೆಯಾಗಿ ಜೋತುಬಿತ್ತು. ಕೂದಲೆಳೆ ಕೂದಲೆಳೆಯಾಗಿ ಕೂಡಿಸಿದ್ದೆಲ್ಲ ಒಂದು ಹೂಂನಲ್ಲಿ ಕೊಚ್ಚಿಹೋಗಿತ್ತು.

ಡ್ರೈವರ್ ಬಂದವನು ಸಂಗತಿ ಕೇಳಿ ಎದೆಯುಬ್ಬಿಸಿದ. ಇದಕ್ಕೆ ಯಾಕೆ ಇಷ್ಟು ತಲೆಕೆಡಿಸಿಕೊಳ್ಳುತ್ತೀಯ, ಸ್ಟೆಪ್ನಿ ಇರುವುದು ಇನ್ನೇತಕ್ಕೆ ಎಂದು ಡಿಸ್ಕು ತಂದು ಸಿಕ್ಕಿಸಿದ. ಪರದೆ ಬೆಳಗಿತು. ತಾಯಿ ಪ್ಯಾಟರ್ನ್ ಬಂತು. ಅದರ ಎಡ ಭುಜವೂ ಇಳಿದಿತ್ತು. ಇಳಿಯದೆ ಏನು, ದಿನಾ ಸಂಜೆ ಒಂದು ದಿನವೂ ತಪ್ಪಿಸದೆ ಆ ತಪ್ಪನ್ನು ಶ್ರದ್ಧೆಯಿಂದ ಅದರೊಳಕ್ಕೆ ಇಳಿಸುತ್ತಿದ್ದವನು ಅವನೇ. ಒಳ್ಳೆಯ ಪ್ಯಾಟರ್ನನ್ನು ಅಳಿಸಿದವನೂ ಅವನೇ. ಅದು ಅರ್ಥವಾದಾಗ ಗಾಳಿ ತೆಗೆದ ಟ್ಯೂಬಿನಂತೆ ಕುರ್ಚಿಯಲ್ಲಿ ಕುಸಿದ.

ಭಾನುವಾರ ನಾದಿನಿ ಬಂದಳು. ನಾನು ಅವತ್ತೇ ಹೇಳಿದ್ದೆ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿ ಇದ್ದೇ ಇತ್ತು, ಅಣ್ಣನ ಮುಖ ನೋಡಿ ಅದನ್ನು ಅನ್ನದ ಜೊತೆ ನುಂಗಿದಳು. ಯಾವತ್ತಾದರೂ ಒಂದು ಇಮೇಜ್ ತೆಗೆದಿಟ್ಟಿದ್ದರೆ ಎಂದು ಯಾರೂ ಅನ್ನಲಿಲ್ಲ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು.

"ಅತ್ತಿಗೆ, ನಮ್ಮಲ್ಲಿ ಅಚ್ಚು ಒಡೆದುಹೋದ್ರೆ ಬಾಯಿಂದಾನೇ ಮತ್ತೆ ತೆಗೀತೀವಿ," ಎಂದಳು ಕೊನೆಗೆ. "ಇದನ್ನ ಮೊದಲು ಯಾರ ಮೈಯಿಂದ ತೆಗೆದಿದ್ರಿ?"

ತಾಯಿ ಎಂಬ ಹೆಸರಿದ್ದರೂ ಆ ಪ್ಯಾಟರ್ನ್ ಹುಟ್ಟಿದ್ದು ಗಂಡನ ಮೈಯಿಂದ. ಕಸುಬು ಕಲಿಯುವಾಗ ಟೈಲರಮ್ಮನಿಗೆ ಅಳೆಯಲು ಸಿಗುತ್ತಿದ್ದ ಗಂಡಸೆಂದರೆ ಅವನೊಬ್ಬನೇ. ಆಗ ಸ್ಕೇಲು ಇಟ್ಟು ಗೆರೆ ಎಳೆದಂಥ ಭುಜ ಅವನದು. ಉಳಿದ ಗಿರಾಕಿಗಳಿಗೆ ಅಳತೆ ಹಾಕಬೇಕಿತ್ತು, ಗಂಡನಿಗೆ ಮಾತ್ರ ತಾಯಿ ಪ್ಯಾಟರ್ನನ್ನು ಏನೂ ಬದಲಿಸದೆ ಹಾಗೇ ಕತ್ತರಿಸುತ್ತಿದ್ದಳು. ಹಾಗಾದರೆ ಅವನ ಕೋಟಿನಲ್ಲಿ ಆ ಗೆರೆಗಳೆಲ್ಲ ಇರಲೇಬೇಕಲ್ಲ. ಹೋದ ವರ್ಷವಷ್ಟೇ ಹೊಲಿದುಕೊಟ್ಟ ಬೂದು ಬಣ್ಣದ್ದೊಂದು ಬೀರುವಿನಲ್ಲಿತ್ತು. ಹೊಲಿಗೆ ಬಿಚ್ಚಿ, ತುಂಡು ತುಂಡನ್ನೂ ಕಾಗದದ ಮೇಲೆ ಹಾಸಿ ಗೆರೆ ಎಳೆದರೆ ಪ್ಯಾಟರ್ನ್ ಕೈಗೆ ಬಂದ ಹಾಗೇ. ಅವಳು ಊಟ ಅರ್ಧಕ್ಕೆ ಬಿಟ್ಟು ಎದ್ದಳು.

ವಿಚಿತ್ರವೆಂದರೆ ಗಂಡ ಬೇಡವೆಂದ. ಅದು ಅವನ ಇಷ್ಟದ ಕೋಟಂತೆ, ಮೇಷ್ಟ್ರದ್ದೋ ಕಾವಲುಗಾರನದ್ದೋ ಹಳೇ ಕೋಟು ಕೇಳಿ ತರಬಹುದಂತೆ. ಅವರ ಕೋಟಿನಲ್ಲಿ ಅವರವರ ಅಳತೆ ಬೆರೆತಿರುತ್ತದೆ, ನನಗೆ ಬೇಕಾದದ್ದು ಬೆರಕೆಯಿಲ್ಲದ್ದು ಎಂದು ಅವಳೆಂದಳು. ಹೇಗೂ ಗುಂಡಿ ಹಾಕದೆ ತೊಡುವ ಕೋಟು, ಅದರ ಮೇಲೆ ಏನಿಷ್ಟು ವ್ಯಾಮೋಹ ಎಂದು ತಂಗಿ ಕಿಚಾಯಿಸಿದಳು. ಗುಂಡಿ ಬಿಚ್ಚಿ ತೊಡುವುದೇ ಈಗಿನ ಫ್ಯಾಷನ್ ಎಂದು ಗೊಣಗುತ್ತ ಅವನು ಬೀರುವಿನ ಬೀಗದಕೈ ಹುಡುಕುವ ನೆಪದಲ್ಲಿ ಎಲ್ಲ ಜೇಬನ್ನೂ ತಡಕಿದ. ಟೈಲರಮ್ಮ ಅವನ ಅಂಗಿಯ ಜೇಬಿನಿಂದಲೇ ಅದನ್ನು ತೆಗೆದುಕೊಂಡಳು.

ಕೋಟನ್ನು ಕತ್ತರಿಸುವ ಮೇಜಿನ ಮೇಲೆ ಮಗುಚಿ ಹಾಕಿ ಲೈನಿಂಗ್ ಬಿಚ್ಚತೊಡಗಿದಳು. ಬಲಗಡೆ ಸಲೀಸಾಗಿ ಬಂತು, ಅವಳದೇ ಸಣ್ಣ ಹೊಲಿಗೆ. ಎಡಗಡೆ ಕಂಕುಳಿನ ಬಳಿ ಬ್ಲೇಡು ತಡೆಯಿತು. ಅಲ್ಲಿ ಕಪ್ಪು ದಾರದಲ್ಲಿ, ಗೋಣಿಚೀಲದ ಬಾಯಿ ಹೊಲಿಯುವವರಂತೆ, ಉದ್ದುದ್ದ ಅಡ್ಡಾದಿಡ್ಡಿ ಹೊಲಿಗೆ ಬಿದ್ದಿತ್ತು. ಅದು ಅವಳ ಕೈಯದಲ್ಲ. ದಾರ ಕತ್ತರಿಸಿ ಬೆರಳು ತೂರಿಸಿದಳು. ಭುಜದೊಳಗಿಂದ ನಾಲ್ಕು ಮಡಿಕೆ ಹಾಕಿದ ಹಳದಿ ಬಟ್ಟೆಯೊಂದು ಹೊರಗೆ ಬಂತು, ಬಸ್ಸಿನ ಮುಂದಿನ ಗಾಜು ಒರೆಸುವ ಬಟ್ಟೆ.

ಅವಳು ಅದನ್ನು ಹಿಡಿದುಕೊಂಡು ಗಂಡನ ಕಡೆ ತಿರುಗಿದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ, ಮಾರ್ಕ್ಸ್ ಕಾರ್ಡು ತಂದ ಹುಡುಗನಂತೆ ನಿಂತಿದ್ದ. ಆಗ ಅವಳು ನೋಡಿದಳು. ಊರಿನವರ ಭುಜವನ್ನೆಲ್ಲ ದೂರದಿಂದಲೇ ಅಳೆಯುವ ಕಣ್ಣು ಇಷ್ಟು ವರ್ಷ ಮನೆಯೊಳಗೆ ನೋಡದೇ ಇದ್ದದ್ದನ್ನು ನೋಡಿದಳು. ಗೇರು ಹಾಕಿ ಹಾಕಿ ಅವನ ಎಡ ಭುಜ ಜಾರಿ ಇಳಿದುಹೋಗಿತ್ತು. ಕೋಟಿನ ಎಡಗಡೆ ಪೊಳ್ಳು ಬೀಳುತ್ತಿದ್ದುದಕ್ಕೆ ಅವನೇ ಬಟ್ಟೆ ತುಂಬಿ, ಕದ್ದು ಹೊಲಿದುಕೊಂಡಿದ್ದ.

"ಯಾವಾಗಿಂದ?" ಎಂದಳು.

"ಇದಕ್ಕಿಂತ ಹಿಂದಿನ ಕೋಟಿಗೂ ಹಾಕಿದ್ದೆ."

"ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

ಅವನು ಹಳದಿ ಬಟ್ಟೆಯನ್ನೇ ನೋಡುತ್ತ ಹೇಳಿದ. "ಏನಂತ ಹೇಳಲಿ? ನೀನು ಕತ್ತರಿಸಿದ್ದು ಸರಿಯಾಗೇ ಇತ್ತು. ಇಳಿದಿದ್ದು ನನ್ನ ಭುಜ ತಾನೇ."

ಟೈಲರಮ್ಮನಿಗೆ ನಗು ಬಂತು, ನಗುವಿನ ಜೊತೆಗೇ ಕಣ್ಣು ತುಂಬಿತು. ಅಳುವುದನ್ನು ನಾದಿನಿ ನೋಡಿಬಿಟ್ಟಳೆಂದು ನಾಚಿಕೆಯೂ ಆಯಿತು. ಬಂದ ಗಿರಾಕಿಯನ್ನೆಲ್ಲ ಹೊಸದಾಗಿ ಅಳೆದವಳು ಈ ಒಬ್ಬ ಮನುಷ್ಯನನ್ನು ಮಾತ್ರ ಎಂದೂ ಮತ್ತೆ ಅಳೆದಿರಲಿಲ್ಲ. ಮದುವೆಯಾದ ಹೊಸದರಲ್ಲಿದ್ದ ಹುಡುಗನಿಗೇ ಇಷ್ಟು ವರ್ಷವೂ ಕೋಟು ಹೊಲಿಯುತ್ತಿದ್ದಳು. ಪಾಪ, ಇವನು ಅದರೊಳಗೆ ತೂರಿಕೊಂಡು ಓಡಾಡುತ್ತಿದ್ದ.

ಆ ಮಧ್ಯಾಹ್ನ ಮೂವರೂ ಮೇಜಿನ ಸುತ್ತ ನಿಂತರು. ಬಿಚ್ಚಿದ ಕೋಟಿನ ತುಂಡುಗಳನ್ನು ಇಸ್ತ್ರಿ ಮಾಡಿ ಹಾಸಿದರು. ನಾದಿನಿ ಅಚ್ಚು ತೆಗೆಯುವ ನಯವಾದ ಕೈಯಲ್ಲಿ ಅಂಚು ಹಿಡಿದಳು, ಟೈಲರಮ್ಮ ಚೂಪು ಪೆನ್ಸಿಲಿನಲ್ಲಿ ಗೆರೆ ಎಳೆದಳು, ಡ್ರೈವರ್ ಕಾಗದ ಅಲುಗಾಡದಂತೆ ಕತ್ತರಿ, ಇಸ್ತ್ರಿಪೆಟ್ಟಿಗೆ, ತನ್ನ ಎರಡು ಮೊಣಕೈ ಎಲ್ಲವನ್ನೂ ಅದರ ಮೇಲೆ ಹೇರಿದ. ಕಂಕುಳಿನ ಬಾಗು ಕಾಗದದ ಮೇಲೆ ಮೂಡಿದಾಗ ಅವಳಿಗೆ ಅಳತೆಪಟ್ಟಿಯೇ ಬೇಕಾಗಲಿಲ್ಲ, ನೋಡಿದ ಕೂಡಲೇ ಗುರುತು ಸಿಕ್ಕಿತು. ಗೆರೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಕಚ್ಚಾ ಹೊಲಿಗೆಯಲ್ಲಿ ಒಂದು ತೋಳು ಕೂರಿಸಿ ನೋಡಿದಳು. ಒಂದು ನಿರಿಗೆಯೂ ಇರಲಿಲ್ಲ. ಆಮೇಲೆ ಯಾರನ್ನೂ ಕೇಳದೆ ನಾದಿನಿಗೆ, ನೀನು ಇವತ್ತೇ ಇಮೇಜ್ ತೆಗಿ, ವಾರಕ್ಕೊಂದರಂತೆ ತೆಗಿ, ಯಾವುದನ್ನೂ ಅಳಿಸಬೇಡ ಎಂದಳು. ಗಂಡನಿಗೆ, ಸ್ಟೆಪ್ನಿ ನಿಮ್ಮದೇ, ಅದೂ ಇರಲಿ, ಆದರೆ ಹಿಂದೆ ನಿಂತು ಗಂಟಲು ಸರಿಮಾಡಬಾರದು ಎಂದಳು. ಇಬ್ಬರೂ ಗೆದ್ದವರಂತೆ ಒಬ್ಬರನ್ನೊಬ್ಬರು ನೋಡಿಕೊಂಡರು.

ವಾಲಿದ ಕೋಟುಗಳು ಹ್ಯಾಂಗರಿನಲ್ಲಿ ಸಾಲಾಗಿ ನೇತಾಡುತ್ತಿದ್ದವು. ಅವುಗಳಲ್ಲಿ ಕಾವಲುಗಾರನದು ಗಂಡನ ಮೈಕಟ್ಟಿಗೆ ಹತ್ತಿರವಿತ್ತು. ಟೈಲರಮ್ಮ ಅದನ್ನು ತೆಗೆದು, ಹಾಕಿಕೊಳ್ಳಿ ಎಂದು ಹಿಡಿದಳು. ಅವನು ತೋಳು ತೂರಿಸಿದ. ಎಡ ಭುಜದ ಮೇಲೆ ಬಟ್ಟೆ ಎಲ್ಲೂ ಎಳೆಯದೆ, ಎಲ್ಲೂ ಪೊಳ್ಳು ಬೀಳದೆ, ಅವನಿಗೆಂದೇ ಹೊಲಿದ ಹಾಗೆ ಕೂತಿತು. ಅವನು ಕನ್ನಡಿಯ ಮುಂದೆ ಹೋಗಿ ನಿಂತ. ಬಲಕ್ಕೆ ತಿರುಗಿದ, ಎಡಕ್ಕೆ ತಿರುಗಿದ. ಗಿರಾಕಿಗಳ ಮುಖದಲ್ಲಿ ಅವಳು ಎಷ್ಟೋ ಸಲ ಕಂಡ ಆ ಅಚ್ಚರಿ, ಮೊದಲ ಸಲ, ಅವನ ಮುಖದಲ್ಲಿ ಮೂಡಿತು. ಮೈ ಹಗುರಾದ ಹಾಗಿದೆ ಕಣೇ ಎಂದು ಮೆಲ್ಲಗೆ ಹೇಳಿದ.

ಹಾಳಾದ ಆ ಪ್ಯಾಟರ್ನನ್ನು ಅವಳು ಅಳಿಸಲಿಲ್ಲ. ಅದಕ್ಕೆ ಗಂಡನದೆಂದು ಹೆಸರಿಟ್ಟು ಬೇರೆಯೇ ಉಳಿಸಿದಳು. ಕಾವಲುಗಾರನಿಗೆ ಹೊಸದು ಹೊಲಿದರಾಯಿತು. ಆದರೆ ಭುಜ ಒಂದು ಸರಿಹೋದರೆ ಸಾಲದು, ಉಳಿದದ್ದನ್ನೂ ನೋಡಬೇಕಲ್ಲ. ಕೊರಳಿನಿಂದ ಅಳತೆಪಟ್ಟಿ ತೆಗೆದು ಅವನನ್ನು ಬೆಳಕಿಗೆ ನಿಲ್ಲಿಸಿದಳು. ಕುತ್ತಿಗೆ ಅಳೆದಳು, ಬೆನ್ನು ಅಳೆದಳು, ಎದೆ ಅಳೆದಳು. ಪಟ್ಟಿ ಸೊಂಟದ ಬಳಿ ಬಂದಾಗ ಅವನು ಉಸಿರು ಬಿಗಿಹಿಡಿದದ್ದು ಅವಳ ಕೈಗೆ ತಿಳಿಯಿತು.

"ಹೊಟ್ಟೆ ಒಳಗೆಳ್ಕೋಬೇಡಿ," ಎಂದಳು. "ಹೆಂಗಿದೆಯೋ ಹಂಗೇ ಇರಲಿ."

ಅವನು ತಂಗಿಯ ಕಡೆ ಒಮ್ಮೆ ನೋಡಿ, ಹೊಟ್ಟೆಯನ್ನು ಮೆಲ್ಲಗೆ ಸಡಿಲ ಬಿಟ್ಟ. ಟೈಲರಮ್ಮ ಪಟ್ಟಿಯನ್ನೂ ಅಷ್ಟೇ ಸಡಿಲ ಬಿಟ್ಟು ಅಳತೆ ಓದಿದಳು.